ನನ್ನ ಫೋನಿಗೇ ಬಂದ ನೆನಪೋಲೆಗಳು

ಕೊಟ್ಟೂರಿನ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ನರ್ಸ್. ಬಿಪಿ, ಶುಗರ್ ಇರುವವರನ್ನು ತಿಂಗಳಿಗೊಮ್ಮೆ ಕರೆಸಿ ಮಾತ್ರೆ ಕೊಡುವುದು ನನ್ನ ಪಾಲಿನ ಕೆಲಸ. ಮೊದಲು ಇದಕ್ಕೆಲ್ಲ ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಯಾರಾದರೂ ಬರದಿದ್ದರೆ ಬಸ್‌ಸ್ಟ್ಯಾಂಡಿನ ಹೂವಿನಾಕೆಗೆ ಹೇಳುತ್ತಿದ್ದೆ. ಆಕೆ ಉಜ್ಜಿನಿ ದಾರಿಯ ಹಳ್ಳಿಯವಳು. ಬೆಳಿಗ್ಗೆ ಬುಟ್ಟಿ ಹೊತ್ತು ಬಂದರೆ ಮಧ್ಯಾಹ್ನದ ಬಸ್ಸಿಗೆ ವಾಪಸ್. "ನಿಮ್ಮ ಓಣಿ ಶೇಂಗಾ ಸುಲಿಯಾಕಿಗೆ ಮಾತ್ರಿ ಮುಗದಾವು, ಸೋಮವಾರ ಬಾ ಅನ್ನು" ಎಂದರೆ ಸಾಕು, ಸೋಮವಾರ ಆ ಶೇಂಗಾ ಅವ್ವ ಬಾಗಿಲಲ್ಲಿ ನಿಂತಿರುತ್ತಿದ್ದಳು. ಗಂಡನಿಲ್ಲದ ಹೆಂಗಸು, ಎರಡು ಕೈಯನ್ನೇ ನಂಬಿಕೊಂಡು ಬದುಕುವವಳು. ಬಿಪಿ ಮಾತ್ರ ಇಳಿಯುವ ಮಾತೇ ಇಲ್ಲ. ಮಾತ್ರೆ ಬಿಟ್ಟರೆ ಕೈಕಾಲು ಬಿದ್ದುಹೋಗುತ್ತವೆ ಎಂದು ಡಾಕ್ಟರು ನನ್ನೆದುರೇ ಆಕೆಗೆ ಎಚ್ಚರಿಕೆ ಹೇಳಿದ್ದರು.

ಆಮೇಲೆ ಕಂಪ್ಯೂಟರ್ ಬಂತು. ನಿಯಮದ ಪ್ರಕಾರ ಪ್ರತಿ ರೋಗಿಯ ದಾಖಲೆಯೂ ಅದರಲ್ಲಿರಬೇಕು, ಅದರಿಂದಲೇ ಎಲ್ಲರಿಗೂ ಬರುವ ದಿನ ನೆನಪಿಸುವ ಮೆಸೇಜ್ ಹೋಗಬೇಕು. ಹೋದರೆ ಹೆಸರಿನ ಮುಂದೆ ಹಸಿರು, ಇಲ್ಲದಿದ್ದರೆ ಕೆಂಪು. ಕೆಂಪು ಉಳಿದರೆ ತಿಂಗಳ ಮೀಟಿಂಗಿನಲ್ಲಿ ಎದ್ದು ನಿಂತು ಉತ್ತರ ಕೊಡಬೇಕು. ಹೂವಿನಾಕೆಯ ಕೈಲಿ ಹೇಳಿ ಕಳಿಸಿದ್ದೇನೆ ಎಂದು ಬರೆಯಲು ಅದರಲ್ಲಿ ಜಾಗವೇ ಇಲ್ಲ. ಒಮ್ಮೆ ಮೀಟಿಂಗಿನಲ್ಲಿ ಇದನ್ನೇ ಹೇಳಿದೆ.

"ಹೂವು ಮಾರಾಕಿನ್ನ ರಿಪೋರ್ಟಿನಾಗ ಎಲ್ಲಿ ತೋರಸ್ಲಿ ಸಿಸ್ಟರ್?" ಎಂದರು ಮೀಟಿಂಗ್ ನಡೆಸುವ ಸಾಹೇಬರು. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ಹತ್ತು ಅಂಕಿಯ ಫೋನ್ ನಂಬರ್ ಹಾಕದೆ ಆ ಪರದೆ ಮುಂದಕ್ಕೆ ಜಪ್ಪಯ್ಯ ಅಂದರೂ ಹೋಗುವುದಿಲ್ಲ. ಶೇಂಗಾ ಅವ್ವನ ಹತ್ತಿರ ಫೋನೆಲ್ಲಿಂದ ಬರಬೇಕು? "ಫೋನ್ ಇಟಗಂಡು ಯಾರ ಕೂಡ ಮಾತಾಡ್ಲಿ ನಾನು?" ಎಂದು ಆಕೆ ನಕ್ಕಳು. ಆಕೆಯ ಹಿಂದೆ ಬಾಗಿಲತನಕ ಸಾಲು. ತಲೆಕೆಟ್ಟು ನನ್ನದೇ ನಂಬರ್ ಹಾಕಿದೆ. ಆಕೆಯೊಬ್ಬಳಿಗಲ್ಲ, ಫೋನಿಲ್ಲದ ಎಲ್ಲರಿಗೂ.

ಮೊದಮೊದಲು ಆ ಮೆಸೇಜು ನನ್ನ ಫೋನಿಗೆ ಬಂದಾಗ ಹೂವಿನಾಕೆಗೂ ಹೋಗಿ ಹೇಳಿಬರುತ್ತಿದ್ದೆ. ಬರಬರುತ್ತ ದಿನವಿಡೀ ಅದೇ ಪರದೆ, ಅದೇ ಓಟಿಪಿ, ನಡುವೆ ಹೋಗುವ ಕರೆಂಟು. ಬಸ್‌ಸ್ಟ್ಯಾಂಡಿಗೆ ಹೋಗಿಬರುವಷ್ಟು ಬಿಡುವೂ ಉಳಿಯಲಿಲ್ಲ. 'ನಿಮ್ಮ ಮಾತ್ರೆಗಳು ಮುಗಿದಿವೆ, ತಪ್ಪದೆ ಆಸ್ಪತ್ರೆಗೆ ಬನ್ನಿ' ಎಂದು ನನಗೇ ಉಪದೇಶ ಬಂದರೆ ಸಿಟ್ಟಿನಿಂದ ಅಳಿಸಿಹಾಕುತ್ತಿದ್ದೆ. ಪರದೆಯಲ್ಲಿ ಎಲ್ಲ ಹಸಿರು. ಮುಂದಿನ ಮೀಟಿಂಗಿನಲ್ಲಿ ನನ್ನನ್ನು ಹೊಗಳಿದರು. ಆಗ ನಾಚಿಕೆಯಾಗಲಿಲ್ಲ, ಹಾಯೆನಿಸಿತು, ಅದನ್ನೇನೂ ಮುಚ್ಚಿಡುವುದಿಲ್ಲ.

ಮೂರು ತಿಂಗಳ ಮೇಲೆ ಶೇಂಗಾ ಅವ್ವ ಬಂದಳು, ಹೂವಿನಾಕೆಯ ಹೆಗಲು ಹಿಡಿದುಕೊಂಡು. ಬಾಯಿ ಒಂದು ಕಡೆಗೆ ವಾಲಿತ್ತು. ಬಲಗೈ ಸುಮ್ಮನೆ ಜೋತುಬಿದ್ದಿತ್ತು. ದೊಡ್ಡ ಆಸ್ಪತ್ರೆಯಲ್ಲಿ ಒಂದು ವಾರ ಇದ್ದು ಬಂದಿದ್ದಳಂತೆ.

"ಮಾತ್ರಿ ಯಾಕ ಬಿಟ್ಟೆಬೇ ಯವ್ವಾ?" ಎಂದು ನಾನೇ ಜೋರು ಮಾಡಿದೆ.

ಆಕೆ ತೊದಲುತ್ತ ಹೇಳಿದಳು: "ನೀವು ಹೇಳಿ ಕಳಸಾದು ಬಿಟ್ರಲ್ರಿ ಸಿಸ್ಟರಮ್ಮ. ನನಗ ಗುಣ ಆಗೈತಿ, ಅದಕ್ಕ ಕರಿಯವಲ್ರು ಅಂದ್ಕಂಡೆ."

"ದಿನಾ ಕೇಳ್ತಿದ್ಲು, ಸಿಸ್ಟರಮ್ಮ ಏನಾರ ಅಂದ್ರೇನು ಅಂತ," ಎಂದಳು ಹೂವಿನಾಕೆ. "ಏನೂ ಅಂದಿಲ್ಲ ಅಂತಿದ್ದೆ ನಾನು."

ಬಿಪಿ ನೋಡಿ, ಮಾತ್ರೆ ಕೊಟ್ಟು, ಆಕೆಯ ದಾಖಲೆ ತೆರೆದೆ. ಆಕೆ ಬಾರದ ಮೂರು ತಿಂಗಳಿಗೂ ಮೂರು ಹಸಿರು ಗುರುತು. ಮುಂದೆ ಬರಬೇಕಾದ ದಿನ ಹಾಕಿ ಒತ್ತಿದೆ. ನಾಲ್ಕನೆಯದೂ ಹಸಿರಾಯಿತು. ನನ್ನ ಜೇಬಿನಲ್ಲಿ ಫೋನು ಸದ್ದು ಮಾಡಿತು.

"ಯಾರ್ದೋ ಮೆಸೇಜ್ ಬಂತು ನೋಡ್ರಿ ಸಿಸ್ಟರಮ್ಮ," ಎಂದಳು ಶೇಂಗಾ ಅವ್ವ.