ತುರಿಮಣೆ ಅಲ್ಲೇ ಇರಲಿ

"ನೀವು ಯಾವಾಗ ಯಹೂದಿ ಆದಿರಿ?"

ಟೊರಾಂಟೊದ ಉತ್ತರಕ್ಕಿರುವ ನಮ್ಮ ಬಡಾವಣೆಯ ಸಿನಗಾಗ್‌ಗೆ, ಅಂದರೆ ಯಹೂದಿ ಪ್ರಾರ್ಥನಾಮಂದಿರಕ್ಕೆ, ಮೊದಲ ಸಲ ಹೋದಾಗ ಅಡುಗೆಮನೆಯ ಉಸ್ತುವಾರಿ ಹೆಂಗಸು ಕೇಳಿದ್ದು ಇದನ್ನೇ. ಮೈಯೆಲ್ಲ ಉರಿದುಹೋಯಿತು. ನಾವು ಹುಬ್ಬಳ್ಳಿಯ ಯಹೂದಿಗಳು. ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿದ್ದರು, ಅವರಪ್ಪನೂ ಅಲ್ಲೇ. ಅಜ್ಜಿಯ ಮರಾಠಿ ಅಜ್ಜಿಯ ಜೊತೆಗೇ ಹೋಯಿತು, ನನಗುಳಿದದ್ದು ಕನ್ನಡ. ದೇವರು ಮಾತ್ರ ಬದಲಾಗಿರಲಿಲ್ಲ.

"ಹುಟ್ಟಿದಾಗಲೇ. ನೀವು?" ಎಂದೆ.

ಅವತ್ತು ಕೈಯಲ್ಲಿ ಮಲೀದಾ ಡಬ್ಬಿ ಇತ್ತು. ನೆನೆಸಿದ ಅವಲಕ್ಕಿಗೆ ಬೆಲ್ಲ, ಕಾಯಿತುರಿ, ಏಲಕ್ಕಿ, ಸುತ್ತ ಹಣ್ಣು. ಅದನ್ನಿಟ್ಟು, ಬೆಂಕಿಯ ರಥದಲ್ಲಿ ಸ್ವರ್ಗಕ್ಕೇರಿದ ನಮ್ಮ ಪ್ರವಾದಿಯನ್ನು ನೆನೆಯದೆ ನಮ್ಮಲ್ಲಿ ಯಾವ ಶುಭಕಾರ್ಯವೂ ಇಲ್ಲ. ಆಕೆ ಡಬ್ಬಿಯನ್ನು ಬೂಟು ಬಿಡುವ ಕಡೆ ಇಡಿಸಿದಳು. ಯಹೂದಿ ಶಾಸ್ತ್ರಕ್ಕೆ ಒಪ್ಪುವ ಕೋಷರ್ ಅಡುಗೆಮನೆ ಅದು. ಮನೆಯಲ್ಲಿ ಮಾಡಿದ್ದು, ಮನೆಯ ಪಾತ್ರೆ ಯಾವುದೂ ಒಳಗೆ ಬರುವಂತಿಲ್ಲ. ನಿಯಮ ಎಲ್ಲರಿಗೂ ಒಂದೇ, ಒಪ್ಪಿದೆ. ಬೂಟಿನ ಪಕ್ಕ ಇಡಿಸಿದ್ದನ್ನು ಮಾತ್ರ ಇವತ್ತಿಗೂ ಒಪ್ಪಿಲ್ಲ.

ಪೋಲೆಂಡು, ಹಂಗೇರಿಯ ಮುದುಕರೇ ತುಂಬಿದ್ದ ಬೆಂಚುಗಳಲ್ಲಿ ಬರಬರುತ್ತಾ ರಷ್ಯನ್ನರು ಕೂತರು, ಆಮೇಲೆ ಮೊರೊಕ್ಕೊದವರು, ದಕ್ಷಿಣ ಆಫ್ರಿಕಾದವರು. ಶನಿವಾರದ ಊಟಕ್ಕೆ ಖಾರ ಬಂತು. ಆಕೆಯ ಕೈಯಲ್ಲಿದ್ದ ಅಡುಗೆಮನೆಯ ಕೀಲಿ ಮಾತ್ರ ಕದಲಲಿಲ್ಲ.

ಹೋದ ಬೇಸಿಗೆಯಲ್ಲಿ ಮೊಮ್ಮಗಳ ಮದುವೆ. ಮಲೀದಾ ಆ ಅಡುಗೆಮನೆಯಲ್ಲೇ ಆಗಬೇಕು ಎಂದು ಹಟ ಹಿಡಿದೆ.

"ಅಜ್ಜಿ, ಪ್ಲೀಸ್, ನೋ ಡ್ರಾಮಾ" ಎಂದಳು ಮೊಮ್ಮಗಳು.

"ನಾ ಸತ್ತ ಮ್ಯಾಲೆ ಯಾರ್ ಮಾಡ್ತಾರವಾ ಇದನ್ನ? ನೀ ಮಾಡ್ತೀಯೇನ್?"

ನನಗಿದ್ದ ಭಯ ಅದೊಂದೇ.

ಭಾರತದ ಅಂಗಡಿಗಳಿರುವ ಜೆರಾರ್ಡ್ ಬಜಾರನ್ನೆಲ್ಲ ಜಾಲಾಡಿ ಕೋಷರ್ ಮುದ್ರೆಯ ಅವಲಕ್ಕಿ, ಬೆಲ್ಲ ಹುಡುಕಿ ತಂದೆ. ಉಸ್ತುವಾರಿ ಹೆಂಗಸು ಕನ್ನಡಕ ಏರಿಸಿ ಒಂದೊಂದೇ ಪೊಟ್ಟಣ ತಿರುಗಿಸಿ ನೋಡಿದಳು. ತಪ್ಪು ಸಿಗಲಿಲ್ಲ. ತೆಂಗಿನಕಾಯಿ ತುರಿಯುವುದಕ್ಕೆ ಇಲ್ಲಿ ಏನೂ ಇಲ್ಲ ಎಂದಳು. ನಾನು ಚೀಲದಿಂದ ತುರಿಮಣೆ ತೆಗೆದೆ. ಹೊಚ್ಚಹೊಸದು, ಶಾಸ್ತ್ರಪ್ರಕಾರ ಶುದ್ಧಿಯ ಕೊಳದ ನೀರಲ್ಲಿ ಮುಳುಗಿಸಿ ತಂದದ್ದು.

ನಿಯಮಗಳೆಲ್ಲ ಮುಗಿದ ಮೇಲೆ ನಿಜ ಹೊರಬಿತ್ತು. "ಆದರೂ ಇದು ನಮ್ಮ ಪದ್ಧತಿಯಲ್ಲ."

ನಾನು ಬಾಯಿ ತೆರೆಯುವ ಮೊದಲೇ ಮೊಮ್ಮಗಳು ಇಂಗ್ಲಿಷಿನಲ್ಲಿ ಶುರುಮಾಡಿದಳು. "ನನಗೆ ಹೆಸರಿಟ್ಟದ್ದು ಈ ಸಭಾಂಗಣದಲ್ಲೇ. ಅವತ್ತು ಕೇಕು ಹಂಚಿದ್ದು ನೀವೇ ಅಂತೆ. ನಮ್ಮ ಅಂದಿರಲ್ಲ, ಅದರಲ್ಲಿ ನಾನಿಲ್ಲವಾ?"

ಆಕೆ ಬಾಗಿಲಿನಿಂದ ಪಕ್ಕಕ್ಕೆ ಸರಿದಳು. ಮದುಮಗಳು ಮೆಹೆಂದಿಯ ಕೈಯಲ್ಲೇ ಕಾಯಿ ತೆಗೆದುಕೊಂಡು ಹಿಂಬಾಗಿಲ ಮೆಟ್ಟಿಲಿಗೆ ಕುಕ್ಕಿದಳು. ಮೂರನೇ ಏಟಿಗೆ ಒಡೆಯಿತು. ನೆಲದ ಮೇಲೆ ಮಣೆ ಹಾಕಿಕೊಂಡು ತುರಿಯಲು ಕೂತಳು. ತುರಿ ದಪ್ಪ ದಪ್ಪ, ಚಿಪ್ಪಿನ ಕರಿ ಬೇರೆ ಸೇರಿತ್ತು. ನಾನು ತಿದ್ದಲಿಲ್ಲ. ಕಣ್ಣು ತುಂಬಿತ್ತು, ಎಲ್ಲಿ ಕಾಣುತ್ತದೆ?

ಸಂಜೆ ಮಲೀದಾ ತಟ್ಟೆ ಪ್ರಾರ್ಥನೆಯ ಮೇಜಿನ ಮೇಲೆಯೇ ಇತ್ತು. ಎಲ್ಲ ಮುಗಿದ ಮೇಲೆ ಆಕೆ ತುರಿಮಣೆಯನ್ನು ತೊಳೆದು ಒರೆಸಿ ನನಗೆ ಕೊಡಲು ಬಂದಳು. ನಾನು ಕೈ ಚಾಚಲಿಲ್ಲ.

"ಮನೆಗೆ ಒಯ್ದರೆ ಮನೆಯ ಪಾತ್ರೆಯಾಗುತ್ತದೆ, ಮತ್ತೆ ಒಳಗೆ ಬಿಡುವಂತಿಲ್ಲ. ನಿಯಮ ನಿಮ್ಮದೇ" ಎಂದೆ. "ಅಲ್ಲೇ ಇರಲಿ. ಇವಳ ಮಗಳಿಗೆ ಬೇಕಾಗುತ್ತದೆ."