ಬೀಳದೆ ನಿಂತ ಟ್ರಿಪ್ ಸ್ವಿಚ್ಚು

ಹನೂರಿನಲ್ಲಿ ಹೊಸ ಮನೆ ಕಟ್ಟಿಕೊಂಡು ಬಂದಾಗ ಅತ್ತೆಗೆ ಅಲ್ಲಿ ಹಿಡಿಸದೇ ಇದ್ದದ್ದು ಒಂದೇ ವಸ್ತು, ಮೀಟರಿನ ಪಕ್ಕ ಕೂತಿದ್ದ ಟ್ರಿಪ್ ಸ್ವಿಚ್ಚು. ಕರೆಂಟು ಎಲ್ಲಾದರೂ ದಾರಿ ತಪ್ಪಿ ಸೋರಿದರೆ ತಟ್ಟನೆ ಬಿದ್ದು, ಜೀವಕ್ಕೆ ಅಪಾಯ ಆಗದಂತೆ ತಡೆಯುವುದು ಅದರ ಕೆಲಸ. ನಮ್ಮ ಮನೆಯಲ್ಲಿ ಅದು ಹೊತ್ತುಗೊತ್ತಿಲ್ಲದೆ ಬೀಳುತ್ತಲೇ ಇತ್ತು.

ಅತ್ತೆ ಇಡ್ಲಿ ಹಿಟ್ಟು ರುಬ್ಬಿ ಬೀದಿಯ ಮನೆಗಳಿಗೆ ಮಾರುತ್ತಿದ್ದರು. ಗ್ರೈಂಡರಿಗೆ ಉದ್ದು ಹಾಕಿ, ಅದು ಅರ್ಧ ನುಣ್ಣಗಾಗುವಷ್ಟರಲ್ಲಿ ಟಪ್ ಅಂತ ಕರೆಂಟು ಹೋಗುತ್ತಿತ್ತು. ನಾನು ಓಡಿಹೋಗಿ ಸ್ವಿಚ್ಚು ಎತ್ತಿದರೆ ಮತ್ತೆ ಟಪ್. ಹಿಟ್ಟಿಗೆ ಪಾತ್ರೆ ಹಿಡಿದು ಬಂದವರು ಬಾಗಿಲಲ್ಲೇ ಕಾಯುತ್ತಿದ್ದರು.

ಕೊಳ್ಳೇಗಾಲದಿಂದ ಬಂದ ನನ್ನ ಭಾವ ನೋಡಿ, "ಅದರ ಸಾವಾಸನೇ ಬ್ಯಾಡ. ಅದನ್ನ ಬುಟ್ಟು ವೈರ್ ನೇರ ಕೊಟ್ಬುಡಿ" ಅಂದರು.

"ಊ ಕಣ್ಲಾ, ಕಿತ್ತಾಕ್ಬುಡು. ಒಂದು ಇಟ್ಟು ರುಬ್ಬಕ್ಕೂ ಬುಡಕಿಲ್ಲ" ಎಂದು ಅತ್ತೆಯೂ ದನಿಗೂಡಿಸಿದರು.

ನನಗೆ ಮಧುವನಹಳ್ಳಿಯ ಹಳೆ ಬಾಡಿಗೆ ಮನೆ ಕಣ್ಮುಂದೆ ಬಂತು. ಅಲ್ಲಿ ಗ್ರೈಂಡರ್ ಮುಟ್ಟಿದರೆ ಜುಮ್ಮೆನ್ನುತ್ತಿತ್ತು. ಅತ್ತೆ ಮರದ ಮಣೆಯ ಮೇಲೆ ನಿಂತು ರುಬ್ಬುತ್ತಿದ್ದರು. ಒಂದು ದಿನ ಒದ್ದೆ ಕೈ ತಗುಲಿ, ಯಾರೋ ನೂಕಿದಂತೆ ಹೋಗಿ ಗೋಡೆಗೆ ಬಿದ್ದಿದ್ದರು.

"ಅತ್ತೆ, ಆವತ್ತು ಬಿದ್ದದ್ದು ಮರೆತೋಯ್ತಾ? ಈ ಸ್ವಿಚ್ ಇದ್ದಿದ್ರೆ ನೀವು ಬೀಳ್ತಿರಲಿಲ್ಲ, ಅದು ಬೀಳ್ತಿತ್ತು" ಅಂದೆ.

ಅತ್ತೆ ಮೊಣಕೈ ಸವರಿಕೊಂಡರು. ಆಮೇಲೆ, "ಅಂಗಾರೆ ಎಲ್ಲಿ ಸೋರ್ತದೆ ಅಂತ ಉಡುಕವ್ವ, ನಾನೂ ಬತ್ತೀನಿ" ಅಂದರು.

ಭಾವ ನಗುತ್ತಾ ಬಸ್ಸು ಹತ್ತಿದರು. ನಾವಿಬ್ಬರೂ ಸೆರಗು ಕಟ್ಟಿ ನಿಂತೆವು.

ಮೊದಲು ಮನೆಯ ಎಲ್ಲ ಪ್ಲಗ್ಗುಗಳನ್ನೂ ಕಿತ್ತೆವು. ಸ್ವಿಚ್ಚು ಎತ್ತಿದರೆ ಅಲುಗಾಡದೆ ನಿಂತಿತು. ಅಲ್ಲಿಗೆ ಗೋಡೆಯೊಳಗಿನ ವೈರಿನ ಮೇಲಿನ ಅನುಮಾನ ಕಡಿಮೆಯಾಯಿತು. ಆಮೇಲೆ ಒಂದೊಂದನ್ನೇ ಹಾಕುತ್ತಾ ಬಂದೆವು. ಫ್ರಿಜ್ ಹಾಕಿದಾಗ ಬೀಳಲಿಲ್ಲ, ಮಿಕ್ಸಿಗೂ ಬೀಳಲಿಲ್ಲ. ಹಿತ್ತಲಿನ ವಾಷಿಂಗ್ ಮೆಷಿನ್ನಿಗೆ ಎಳೆದಿದ್ದ ಎಕ್ಸ್‌ಟೆನ್ಷನ್ ಬಾಕ್ಸ್ ಸಿಕ್ಕಿಸಿದೆ. ಟಪ್!

"ಸಿಕ್ತು ಕಳ್ಳ!" ಅತ್ತೆ ಚಪ್ಪಾಳೆ ತಟ್ಟಿದರು.

ಆ ಬಾಕ್ಸು ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲೇ ಬಿದ್ದಿತ್ತು. ಪ್ಲಗ್ ಕಿತ್ತು ಬಿಚ್ಚಿ ನೋಡಿದರೆ ಒಳಗೆಲ್ಲ ಪಸೆ, ಇರುವೆ ಮಣ್ಣು. ಅದನ್ನು ಎಸೆದು, ಮೆಷಿನ್ನನ್ನು ಒಳಗಿನ ಗೋಡೆಯ ಸಾಕೆಟ್ಟಿಗೇ ಕೊಟ್ಟೆವು.

ಆದರೂ ಗ್ರೈಂಡರ್ ಓಡುವಾಗ ಒಮ್ಮೊಮ್ಮೆ ಬೀಳುವುದು ತಪ್ಪಲಿಲ್ಲ. ಅದರ ಕಾರಣ ಹಿಡಿದವರು ಅತ್ತೆಯೇ. ಒಂದು ಸಂಜೆ ಗ್ರೈಂಡರ್ ತೊಳೆಯಲು ಚೊಂಬಿನಿಂದ ನೀರು ಸುರಿಯುತ್ತಿದ್ದವರು ಹಾಗೇ ಕೈ ತಡೆದರು.

"ಅಯ್ಯೋ, ಈ ನೀರೆಲ್ಲ ಕೆಳಗೆ ಮೋಟ್ರಿಗೇ ಇಳೀತದಲ್ವೇನವ್ವ?"

ಅಂದಿನಿಂದ ಕಲ್ಲನ್ನೂ ಪಾತ್ರೆಯನ್ನೂ ಬೇರೆ ಎತ್ತಿ ತೊಳೆದರು. ಕೆಳಭಾಗವನ್ನು ಒಣಬಟ್ಟೆಯಲ್ಲಿ ಒರೆಸಿದರು. ಎಲೆಕ್ಟ್ರಿಷಿಯನ್ನನ್ನು ಕರೆಸಿದೆವು. ಅವರು ಮೋಟರ್ ಬಿಚ್ಚಿ ಒಣಗಿಸಿ, ಸೋರಿಕೆ ಅಳೆಯುವ ಮೀಟರ್ ಹಿಡಿದು ಪರೀಕ್ಷಿಸಿದರು.

"ಅಕ್ಕ, ಒಂದೊಂದು ಸಾಮಾನೂ ಚೂರುಪಾರು ಸೋರ್ತದೆ. ಎಲ್ಲಾ ಒಂದೇ ಸ್ವಿಚ್ಚಿನ ಕೆಳಗೆ ಸೇರಿದ್ರೆ ಅದು ತಡೀದೆ ಬಿದ್ದೋಯ್ತದೆ" ಎಂದರು.

"ಅನಿ ಅನಿ ಕೂಡುದ್ರೆ ಅಳ್ಳ ಅನ್ನು" ಅಂದರು ಅತ್ತೆ.

ಫ್ರಿಜ್ಜು ಮತ್ತು ವಾಷಿಂಗ್ ಮೆಷಿನ್ನಿಗೆ ಬೇರೆಯದೇ ಟ್ರಿಪ್ ಸ್ವಿಚ್ಚು ಹಾಕಿಸಿದೆವು.

ಸ್ವಲ್ಪ ದಿನಕ್ಕೇ ಪಕ್ಕದ ಬೀದಿಯ ಮದುವೆ ಮನೆಯಿಂದ ಹಿಟ್ಟಿಗೆ ಹೇಳಿಕಳಿಸಿದರು. ಅಷ್ಟು ದೊಡ್ಡ ಆರ್ಡರ್ ಅತ್ತೆಗೆ ಅದೇ ಮೊದಲು. ಅವತ್ತು ಗ್ರೈಂಡರ್ ಬೆಳಗಿನಿಂದ ತಿರುಗಿತು. ಜೊತೆಗೆ ಮಿಕ್ಸಿ ಕೂಗಿತು, ಫ್ರಿಜ್ ಗುನುಗಿತು. ನಾನು ಬೇಕೆಂದೇ ವಾಷಿಂಗ್ ಮೆಷಿನ್ನಿಗೂ ಬಟ್ಟೆ ತುಂಬಿದೆ. ಅತ್ತೆ ಆಗಾಗ ಎದ್ದುಹೋಗಿ ಬೋರ್ಡಿನ ಕಡೆ ಇಣುಕುತ್ತಿದ್ದರು. ಎರಡು ಸ್ವಿಚ್ಚುಗಳೂ ನೆಟ್ಟಗೆ ನಿಂತೇ ಇದ್ದವು. ಕೊನೆಯ ಕೊಳಗ ತುಂಬಿದಾಗ ಅತ್ತೆ ಹಿಟ್ಟಿನ ಕೈಯಲ್ಲೇ ನನ್ನ ಕೆನ್ನೆ ಹಿಂಡಿ, "ಗೆದ್ದೋ ಕಣವ್ವ!" ಅಂದರು.

ಈಗ ತಿಂಗಳಿಗೊಮ್ಮೆ ಸ್ವಿಚ್ಚಿನ ಟೆಸ್ಟ್ ಗುಂಡಿ ಒತ್ತಿ, ಅದು ಸರಿಯಾಗಿ ಬೀಳುತ್ತದೋ ಇಲ್ಲವೋ ಎಂದು ನೋಡುವವರು ಅತ್ತೆಯೇ. ಮೊನ್ನೆ ಭಾವನೇ ಕೊಳ್ಳೇಗಾಲದಿಂದ ಫೋನ್ ಮಾಡಿದ್ದರು, ಅವರ ಮನೆಯಲ್ಲೂ ಸ್ವಿಚ್ಚು ಬೀಳುತ್ತಿದೆಯಂತೆ. ಅತ್ತೆ ನನ್ನ ಕೈಯಿಂದ ಫೋನ್ ಕಸಿದುಕೊಂಡು ಜೋರಾಗಿ ಹೇಳಿದರು: "ಯಾವುದ್ನೂ ಕೀಳ್ಬ್ಯಾಡ ಕಣ್ಲಾ! ಮೊದ್ಲು ಪ್ಲಗ್ಗೆಲ್ಲಾ ತಗದು ಮಡುಗು. ಮದ್ಯಾನದ ಬಸ್ಸಿಗೆ ನಾನೇ ಬತ್ತೀನಿ."