ಗಾಳಿಯಮ್ಮ ಹೇಳಿದ ‘ಚೆನ್ನಾಗಿದೆ’

ಆಸ್ಪತ್ರೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಆಕ್ಸಿಜನ್ ಯಂತ್ರ ನೋಡಿಕೊಳ್ಳುವ ಹೆಂಗಸನ್ನು ಎಲ್ಲರೂ ಗಾಳಿಯಮ್ಮ ಎಂದೇ ಕರೆಯುತ್ತಾರೆ. ಮೊದಲು ಅವಳು ಅಲ್ಲೇ ಬಟ್ಟೆ ಒಗೆಯುತ್ತಿದ್ದವಳು. ಮಹಾಮಾರಿಯ ವರ್ಷ ಖಾಲಿ ಸಿಲಿಂಡರ್ ಇಟ್ಟುಕೊಂಡು ಅರ್ಧ ದಿನ ಸಾಲಿನಲ್ಲಿ ನಿಂತಳು. ತುಂಬಿಸಿಕೊಂಡು ಬರುವಷ್ಟರಲ್ಲಿ ಇದ್ದ ಒಬ್ಬ ತಮ್ಮ ಹೋಗಿಬಿಟ್ಟಿದ್ದ. ಆಮೇಲೆ ದೂರದ ದೇಶಗಳು ಸೇರಿ ಕಟ್ಟಿದ ಚೇತರಿಕೆ ನಿಧಿಯಿಂದ ಈ ಯಂತ್ರ ಬಂತು. ಆರು ದಿನದ ತರಬೇತಿಗೆ ಗಂಡಸರೆಲ್ಲ ಹಿಂದೆ ಸರಿದರು, ಇವಳು ಹೋದಳು. ಹೊರಗಿನ ಗಾಳಿ ಹೀರಿ, ಪುಡಿ ತುಂಬಿದ ಎರಡು ಉರುಳೆಗಳಲ್ಲಿ ಸೋಸಿ ವಾರ್ಡಿಗೆ ಕಳಿಸುವ ಯಂತ್ರ ಅದು. ಆ ಗಾಳಿಯಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ಅಳೆಯುವ ಮೀಟರು ನೂರಕ್ಕೆ ತೊಂಬತ್ತಮೂರು ತೋರಿಸಬೇಕು.

ಈಗ ಒಂದು ತಿಂಗಳಿಂದ ಎಂಬತ್ತೈದು ತೋರಿಸುತ್ತಿದೆ. ಎಂಬತ್ತೆರಡಕ್ಕಿಳಿದರೆ ಯಂತ್ರ ಕಿರುಚಿಕೊಂಡು ತಾನೇ ನಿಲ್ಲುತ್ತದೆ. ವಾರ್ಡಿನಲ್ಲಿ ಅದೇ ಗಾಳಿಯ ಮೇಲೆ ಜೀವ ಹಿಡಿದ ಆರು ಜನರಲ್ಲಿ ಒಬ್ಬಳು ಸತ್ತ ತಮ್ಮನ ಹೆಂಡತಿ. ಮನೆಯಲ್ಲಿ ಫ್ಯಾನ್ ನಿಂತರೂ ಗಾಳಿಯಮ್ಮನ ಎದೆ ಧಸಕ್ಕೆನ್ನುತ್ತದೆ.

ಪುಡಿ ಸವೆದಿತ್ತು, ಅಷ್ಟೇ. ಬದಲಿಸಿದ್ದರೆ ಮುಗಿಯುತ್ತಿತ್ತು. ಬದಲಿಸದಂತೆ ಮಾಡಿದ್ದು ಅವಳದೇ ಬಾಯಿ. ಹೋದ ವರ್ಷ ನಿಧಿಯವರು ಬಂದು, “ಯಂತ್ರ ಹೇಗಿದೆ?” ಎಂದು ಕೇಳಿದಾಗ, ಪುಡಿ ಆಗಲೇ ಸವೆಯತೊಡಗಿದ್ದರೂ, ಮನೆಗೆ ಬಂದವರಿಗೆ ಹೇಳುವ ಹಾಗೆ ಸೆರಗು ಸರಿಮಾಡಿಕೊಂಡು, “ಚೆನ್ನಾಗಿದೆ, ಏನೂ ತೊಂದರೆ ಇಲ್ಲ” ಎಂದಿದ್ದಳು. ಅವರು ಅದನ್ನೇ ಬರೆದುಕೊಂಡರು. ಈ ಆಸ್ಪತ್ರೆ ಸ್ವಂತ ಕಾಲ ಮೇಲೆ ನಿಂತಿದೆ, ಇನ್ನು ನೆರವು ಬೇಡ ಎಂದು ದುರಸ್ತಿಯ ಸಾಮಾನನ್ನೇ ನಿಲ್ಲಿಸಿದರು. ಗೋಡೆಗೆ ಚೌಕಟ್ಟು ಹಾಕಿದ ಪ್ರಶಂಸಾಪತ್ರ ಮಾತ್ರ ಬಂತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದು ಸುಮ್ಮನೆ ಅಲ್ಲ.

ಇವತ್ತು ಅವರು ಮತ್ತೆ ಬರುವವರಿದ್ದರು. ಬೆಳಿಗ್ಗೆಯೇ ದೊಡ್ಡ ಡಾಕ್ಟರು ಶೆಡ್ಡಿಗೆ ಬಂದರು.

“ನೋಡಮ್ಮ, ಈಗ ಕೆಟ್ಟಿದೆ ಅಂದ್ರೆ ಹೋದ ವರ್ಷ ಸುಳ್ಳು ಹೇಳಿದ್ವಿ ಅಂತಾಗುತ್ತೆ. ಅವರು ಕಟ್ಟಿಸಿಕೊಡ್ತೀವಿ ಅಂದಿರೋ ಹೊಸ ವಾರ್ಡಿನ ಆಸೆ ಬಿಡಬೇಕು. ನಿನ್ನ ಕೆಲಸಾನೂ ಈ ತಿಂಗಳಿಗೆ ಮುಗಿಯುತ್ತೆ, ನೆನಪಿರಲಿ.”

“ಹಾಗಾದ್ರೆ ಏನ್ ಮಾಡೋದು ಸರ್?”

“ರೋಗಿಗಳನ್ನ ಸಿಲಿಂಡರಿಗೆ ಹಾಕಿಸ್ತೀನಿ. ಯಂತ್ರದ ಮೇಲೆ ಭಾರ ಕಮ್ಮಿಯಾದ್ರೆ ನಂಬರ್ ಏರುತ್ತಲ್ಲ?”

ಏರುತ್ತದೆ. ಆ ಗುಟ್ಟನ್ನು ಅವರಿಗೆ ಹಿಂದೊಮ್ಮೆ ಹೇಳಿಕೊಟ್ಟವಳೂ ಇವಳೇ. ಮೇಲೆ ಥಳುಕು, ಒಳಗೆ ಹುಳುಕು. ಸಿಲಿಂಡರುಗಳು ಇದ್ದದ್ದು ಎರಡು ತಾಸಿಗೆ ಮಾತ್ರ.

ಮಂಚದ ಪಕ್ಕ ಸಿಲಿಂಡರ್ ನಿಲ್ಲಿಸಿದಾಗ ತಮ್ಮನ ಹೆಂಡತಿ ಅವಳ ಕೈ ಹಿಡಿದುಕೊಂಡಳು. “ಇದ್ಯಾಕಕ್ಕಾ? ನಿಮ್ಮ ಯಂತ್ರ ನಿಂತೋಯ್ತಾ?”

“ಇಲ್ವೇ, ಸ್ವಲ್ಪ ಹೊತ್ತು ಅಷ್ಟೇ” ಎಂದಳು ಗಾಳಿಯಮ್ಮ.

ಬಂದವರು ಪ್ರಶಂಸಾಪತ್ರದ ಕೆಳಗೆ ನಿಂತು ಫೋಟೊ ತೆಗೆಸಿಕೊಂಡರು, ಚಹಾ ಕುಡಿದರು, ಭಾಷಣ ಮಾಡಿದರು. ಶೆಡ್ಡಿನ ಬಾಗಿಲಲ್ಲಿ ಗಾಳಿಯಮ್ಮ ಗಡಿಯಾರ ನೋಡುತ್ತಾ ನಿಂತಿದ್ದಳು. ಅವರು ಅಲ್ಲಿಗೆ ಬರುವಷ್ಟರಲ್ಲಿ ಒಂದೂವರೆ ತಾಸು ಕಳೆದಿತ್ತು. ಮೀಟರು ಮಾತ್ರ ಮಾತು ಕಲಿಸಿದ ಹಾಗೆ ತೊಂಬತ್ತಮೂರು ತೋರಿಸುತ್ತಿತ್ತು. ಕನ್ನಡಕದ ವಿದೇಶಿ ಹೆಂಗಸು ನಕ್ಕು ಏನೋ ಕೇಳಿದಳು. ಜೊತೆಗಿದ್ದ ದುಭಾಷಿ ಹುಡುಗಿ, “ಯಂತ್ರ ಹೇಗಿದೆ ಅಂತ ಕೇಳ್ತಿದಾರಮ್ಮ” ಎಂದಳು.

‘ಚೆನ್ನಾಗಿದೆ’ ಎಂಬುದು ನಾಲಿಗೆಯ ತುದಿಗೆ ಬಂದೇಬಿಟ್ಟಿತು. ದೊಡ್ಡ ಡಾಕ್ಟರು ಅವಳನ್ನೇ ನೋಡುತ್ತಿದ್ದರು. ಬಾಯಿ ತೆರೆದರೆ ಅದೇ ಮಾತು ಬರುತ್ತದೆಂಬ ಹೆದರಿಕೆಗೆ ಅವಳು ಬಾಯಿ ತೆರೆಯಲೇ ಇಲ್ಲ. ಗೋಡೆಯ ಹತ್ತಿರ ಹೋಗಿ, ಗಾಳಿಯನ್ನು ಹೊರಕ್ಕೆ ಬಿಡುವ ನಲ್ಲಿಯನ್ನು, ದಿನಾ ವಾರ್ಡಿಗೆ ಹೋಗುವಷ್ಟೇ ಗಾಳಿ ಹೋಗಿ ಯಂತ್ರದ ಮೇಲೆ ಮೊದಲಿನ ಭಾರ ಬೀಳುವಂತೆ ತಿರುಗಿಸಿದಳು. ಗಾಳಿ ಭುಸ್ಸೆಂದು ನುಗ್ಗಿತು. ತೊಂಬತ್ತೊಂದು. ಎಂಬತ್ತೆಂಟು. ಎಂಬತ್ತೈದರಲ್ಲಿ ನಿಲ್ಲುತ್ತದೆ ಎಂದುಕೊಂಡಿದ್ದಳು, ನಿಲ್ಲಲಿಲ್ಲ. ಎಂಬತ್ತೆರಡಕ್ಕೆ ಯಂತ್ರ ಕಿರುಚಿಕೊಂಡು ಸ್ತಬ್ಧವಾಯಿತು.

ವಿದೇಶಿ ಹೆಂಗಸಿನ ನಗು ಮಾಯವಾಗಿತ್ತು. ಅವಳು ಕೈಯಲ್ಲಿದ್ದ ಕಾಗದ ತಿರುವಿ, ಒಂದು ಸಾಲಿನ ಮೇಲೆ ಬೆರಳಿಟ್ಟು ಏನೋ ಕೇಳಿದಳು.

“ಹೋದ ವರ್ಷ ಎಲ್ಲ ಚೆನ್ನಾಗಿದೆ ಅಂತ ಇಲ್ಲಿ ಬರೆದಿದೆ. ಹಾಗೆ ಹೇಳಿದ್ದು ಯಾರು ಅಂತ ಕೇಳ್ತಿದಾರೆ” ಎಂದಳು ದುಭಾಷಿ.

ದೊಡ್ಡ ಡಾಕ್ಟರು ನೆಲ ನೋಡಿದರು. ಗಾಳಿಯಮ್ಮ ಒಂದು ಹೆಜ್ಜೆ ಮುಂದೆ ಬಂದಳು.

“ನಾನೇ ಹೇಳಿದ್ದು. ಬಂದವರ ಮುಂದೆ ಕಷ್ಟ ಹೇಳ್ಕೋಬಾರದು ಅಂತ ಹಾಗಂದೆ” ಎಂದಳು. “ಅದನ್ನೂ ಬರ್ಕೊಳ್ಳಿ. ಆದ್ರೆ ಬೇಗ ಬರ್ಕೊಳ್ಳಿ, ಒಳಗಿರೋ ಸಿಲಿಂಡರ್ ಇನ್ನು ಅರ್ಧ ಗಂಟೆಗೆ ಮುಗಿಯುತ್ತೆ.”